ಹಳೆಯ ಈಟ್ರೆಕ್ಸ್‌ಗೆ ಹೊಸ ಮ್ಯಾಪ್: ಬೀಗ ಬಿದ್ದಿರುವುದು ಯಾವುದಕ್ಕೆ?

ಗೆಳೆಯನೊಬ್ಬ ಮನೆ ಬದಲಾಯಿಸುವಾಗ ತನ್ನ ಹಳೆಯ ಗಾರ್ಮಿನ್ ಈಟ್ರೆಕ್ಸ್ 20 ಅನ್ನು, ಅಂದರೆ ಚಾರಣಕ್ಕೆ ಕೈಯಲ್ಲಿ ಹಿಡಿದು ಹೋಗುವ ಜಿಪಿಎಸ್ ಸಾಧನವನ್ನು, ನನಗೆ ದಾಟಿಸಿದ. ಜೊತೆಗೆ ಒಂದು ಡಿವಿಡಿ ಡಬ್ಬಿ, ಒಂದು ಪೆನ್‌ಡ್ರೈವ್. "ಮ್ಯಾಪ್ ಎಲ್ಲಾ ದುಡ್ಡು ಕೊಟ್ಟು ತಗೊಂಡಿದ್ದು ಕಣೋ, ಹಾಕ್ಕೊಂಡು ಹೋಗ್ತಾ ಇರು" ಅಂದ. ಹಾಕಿಕೊಳ್ಳುವುದಕ್ಕೆ ನನಗೆ ಮೂರು ವಾರ ಹಿಡಿಯಿತು. ಕೊನೆಗೆ ಅದರೊಳಗೆ ಹೋಗಿ ಕೂತದ್ದು ಅವನ ಮ್ಯಾಪ್ ಅಲ್ಲ.

ಫೋನ್ ಇರುವಾಗ ಇದೆಲ್ಲ ಯಾಕೆ ಅಂತ ಮನೆಯವರೂ ಕೇಳಿದರು. ಈಟ್ರೆಕ್ಸ್ 20 ಬಂದದ್ದು 2011ರಲ್ಲಿ. ಪರದೆ ಬರೀ 2.2 ಇಂಚು, 176ಕ್ಕೆ 220 ಚುಕ್ಕಿ. ಇವತ್ತಿನ ಫೋನ್ ಮುಂದೆ ಆಟದ ಸಾಮಾನಿನ ಹಾಗೆ ಕಾಣುತ್ತದೆ. ಆದರೆ ಎರಡು ಎಎ ಸೆಲ್ ಹಾಕಿದರೆ ಕಂಪನಿ ಲೆಕ್ಕದಲ್ಲಿ 25 ಗಂಟೆ ಓಡುತ್ತದೆ. ಮಳೆಯಲ್ಲಿ ನೆನೆದರೂ ಚಿಂತೆ ಇಲ್ಲ, ಬಿಸಿಲಲ್ಲಿ ಪರದೆ ಇನ್ನೂ ಚೆನ್ನಾಗಿ ಕಾಣುತ್ತದೆ. ಸೆಲ್ ಮುಗಿದರೆ ಜೇಬಿನಿಂದ ಬೇರೆ ಎರಡು ತೆಗೆದು ಹಾಕಿದರಾಯಿತು. ಬೆಟ್ಟ ಹತ್ತುವವನಿಗೆ ಇಷ್ಟು ಸಾಕು.

ಮೊದಲ ಸಂಜೆ: ಮ್ಯಾಪ್‌ಗಿಂತ ಮುಂಚೆ ಸೆಲ್

ಹಿಂದಿನ ಮುಚ್ಚಳ ತೆಗೆದರೆ ಒಂದು ಸೆಲ್ ಸೋರಿ ಸ್ಪ್ರಿಂಗ್ ಮೇಲೆ ಬಿಳಿ ಪುಡಿ ಕಟ್ಟಿತ್ತು. ಆಲ್ಕಲೈನ್ ಸೆಲ್ ಸೋರಿದಾಗ ಹೊರಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಅದು ಕ್ಷಾರ, ಹಾಗಾಗಿ ಸ್ವಲ್ಪ ಹುಳಿ ಬೇಕು. ಹತ್ತಿ ಸುತ್ತಿದ ಕಡ್ಡಿಯನ್ನು ವಿನೆಗರ್‌ನಲ್ಲಿ ಅದ್ದಿ ಒರೆಸಿದೆ, ಪುಡಿ ನೊರೆ ಬಂದು ಕರಗಿತು. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಇನ್ನೊಮ್ಮೆ ಒರೆಸಿ ಒಂದು ರಾತ್ರಿ ಒಣಗಲು ಬಿಟ್ಟೆ. ವಿನೆಗರ್ ಸುರಿಯಬೇಡಿ, ಬರೀ ಒದ್ದೆ ಮಾಡಿದ ಹತ್ತಿ ಸಾಕು. ಕೆಳಗೇ ಮೆಮೊರಿ ಕಾರ್ಡ್ ಕೂರುವ ಜಾಗ ಇದೆ.

ಮರುದಿನ ಹೊಸ ಸೆಲ್ ಹಾಕಿದೆ, ಹೊತ್ತಿಕೊಂಡಿತು. ಚಾರ್ಜ್ ಮಾಡುವ ಸೆಲ್ ಬಳಸುವವರು ಸಿಸ್ಟಂ ಸೆಟ್ಟಿಂಗ್‌ನಲ್ಲಿ ಸೆಲ್ ಯಾವ ಬಗೆಯದು ಅಂತ ತಪ್ಪದೆ ಬದಲಾಯಿಸಿ. ಅವುಗಳ ವೋಲ್ಟೇಜ್ 1.2, ಮಾಮೂಲಿ ಸೆಲ್‌ನದು 1.5. ಬದಲಾಯಿಸದಿದ್ದರೆ ಎಷ್ಟು ಉಳಿದಿದೆ ಅಂತ ತೋರಿಸುವ ಗುರುತು ಸುಳ್ಳು ಹೇಳುತ್ತದೆ.

ಹೊರಗೆ ಇಟ್ಟು ಉಪಗ್ರಹ ಹುಡುಕಲು ಬಿಟ್ಟೆ. ತುಂಬಾ ಹೊತ್ತು ಏನೂ ಇಲ್ಲ. ಕೆಟ್ಟಿದೆ ಅಂದುಕೊಳ್ಳುವ ಮುಂಚೆ ಇದು ನೆನಪಿರಲಿ: ಯಾವ ಉಪಗ್ರಹ ಎಲ್ಲಿದೆ ಅನ್ನುವ ಅಂದಾಜು ಪಟ್ಟಿ ಪೂರ್ತಿ ಕೈ ಸೇರಲು 12.5 ನಿಮಿಷ ಬೇಕು. ವರ್ಷಗಟ್ಟಲೆ ಡ್ರಾಯರ್‌ನಲ್ಲಿ ಮಲಗಿದ್ದ ಸಾಧನಕ್ಕೆ ಆ ಪಟ್ಟಿ ಹಳಸಿರುತ್ತದೆ. ತೆರೆದ ಆಕಾಶದ ಕೆಳಗೆ ಅರ್ಧ ಗಂಟೆ ಬಿಟ್ಟೆ. ಬಂತು.

ಮ್ಯಾಪ್ ತೆರೆದರೆ ಖಾಲಿ ಹಾಳೆ. ಅಲ್ಲೊಂದು ಇಲ್ಲೊಂದು ಹೆದ್ದಾರಿ, ಒಂದೆರಡು ದೊಡ್ಡ ಊರಿನ ಹೆಸರು. ಇದು ಸಾಧನದ ಜೊತೆ ಬರುವ ಬೇಸ್ ಮ್ಯಾಪ್. ಕಾಲುದಾರಿ ಹುಡುಕಲು ಇದು ಯಾವ ಕೆಲಸಕ್ಕೂ ಬಾರದು.

ಕೈ ಹಾಕುವ ಮುಂಚೆ ನಕಲು

ಯುಎಸ್‌ಬಿ ಕೇಬಲ್ ಚುಚ್ಚಿದರೆ ಸಾಧನ ಪೆನ್‌ಡ್ರೈವ್ ಹಾಗೆ ಕಾಣಿಸುತ್ತದೆ. ಇದಕ್ಕೆ ಬೇಕಾದದ್ದು ಹಳೆಯ ಮಿನಿ ಯುಎಸ್‌ಬಿ, ಫೋನಿನ ಕೇಬಲ್ ಆಗುವುದಿಲ್ಲ. ಒಳಗೆ ಗಾರ್ಮಿನ್ ಅನ್ನುವ ಫೋಲ್ಡರ್. ಅದನ್ನು ಇದ್ದ ಹಾಗೇ ಕಂಪ್ಯೂಟರ್‌ಗೆ ನಕಲು ಮಾಡಿಟ್ಟೆ. ಬೇಸ್ ಮ್ಯಾಪ್ ಫೈಲ್ ಕೈತಪ್ಪಿ ಅಳಿಸಿಹೋದರೆ ಮತ್ತೆ ಹುಡುಕಿಕೊಂಡು ಅಲೆಯಬೇಕಾಗುತ್ತದೆ.

ಅದೇ ಫೋಲ್ಡರ್‌ನಲ್ಲಿ ಗಾರ್ಮಿನ್‌ಡಿವೈಸ್ ಅನ್ನುವ ಎಕ್ಸ್‌ಎಂಎಲ್ ಫೈಲ್ ಇದೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಐಡಿ ಅಂತ ಒಂದು ಸಾಲು, ಅದರಲ್ಲಿ 10 ಅಂಕಿ. ಇದೇ ಯೂನಿಟ್ ಐಡಿ. ಸೆಟ್ಟಿಂಗ್‌ನ ಅಬೌಟ್ ಪುಟದಲ್ಲೂ ಕಾಣುತ್ತದೆ. ಸೆಲ್ ಕೆಳಗಿನ ಚೀಟಿಯಲ್ಲಿರುವ ಸೀರಿಯಲ್ ನಂಬರ್ ಬೇರೆ, ಇದು ಬೇರೆ. ಕೊಂಡ ಮ್ಯಾಪನ್ನು ಒಂದೇ ಸಾಧನಕ್ಕೆ ಕಟ್ಟಿಹಾಕುವ ಬೀಗಕ್ಕೆ ಬೇಕಾಗುವುದು ಯೂನಿಟ್ ಐಡಿ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂತ ಆಮೇಲೆ ಗೊತ್ತಾಗುತ್ತದೆ.

ಗೆಳೆಯನ ಎರಡು ಮ್ಯಾಪ್

ಪೆನ್‌ಡ್ರೈವ್‌ನಲ್ಲಿ ಒಂದು ದೊಡ್ಡ ಫೈಲ್ ಇತ್ತು: ಜಿಮ್ಯಾಪ್‌ಸಪ್, ಡಾಟ್ ಐಎಂಜಿ. ಗಾರ್ಮಿನ್ ಸಾಧನಗಳು ಮ್ಯಾಪ್ ಓದುವುದು ಈ ಬಗೆಯ ಫೈಲ್‌ನಿಂದ. ಒಂದು ಮೈಕ್ರೊ ಎಸ್‌ಡಿ ಕಾರ್ಡ್‌ನಲ್ಲಿ ಗಾರ್ಮಿನ್ ಅನ್ನುವ ಫೋಲ್ಡರ್ ಮಾಡಿ, ಫೈಲ್ ಅದರೊಳಗೆ ಹಾಕಿದೆ. ಸಾಧನ ಶುರುವಾಯಿತು. ಮ್ಯಾಪ್‌ನ ಬೀಗ ತೆಗೆಯಲಾಗಲಿಲ್ಲ ಅನ್ನುವ ಅರ್ಥದ ಒಂದು ಸಾಲು ಬಂತು, ಮತ್ತೆ ಅದೇ ಖಾಲಿ ಹಾಳೆ.

ಗೆಳೆಯನಿಗೆ ಫೋನ್ ಮಾಡಿದೆ. ಅವನು ಕೊಂಡಿದ್ದು ಮ್ಯಾಪ್ ತುಂಬಿಸಿಯೇ ಮಾರುವ ಕಾರ್ಡ್. ಆ ಕಾರ್ಡ್ ಎಲ್ಲೋ ಕಳೆದಿದೆ, ಪೆನ್‌ಡ್ರೈವ್‌ನಲ್ಲಿದ್ದದ್ದು ಅದರ ನಕಲು. ಇಲ್ಲೇ ಗಂಟು. ಇಂಥ ಮ್ಯಾಪ್‌ನ ಬೀಗ ಇರುವುದು ಕಾರ್ಡ್‌ಗೆ. ಪ್ರತಿ ಕಾರ್ಡ್‌ಗೂ ಕಾರ್ಖಾನೆಯಲ್ಲೇ ಬರೆದ ತನ್ನದೇ ಒಂದು ಗುರುತಿನ ಸಂಖ್ಯೆ ಇರುತ್ತದೆ. ಫೈಲ್ ನಕಲು ಮಾಡಿದರೆ ಆ ಸಂಖ್ಯೆ ಜೊತೆಗೆ ಬರುವುದಿಲ್ಲ. ಕಾರ್ಡ್ ಇದ್ದಿದ್ದರೆ ಸುಮ್ನೆ ತೆಗೆದು ಇನ್ನೊಂದು ಸಾಧನಕ್ಕೆ ಹಾಕಿ ಬಳಸಬಹುದಿತ್ತು, ಅದೇ ಅದರ ಅನುಕೂಲ. ಕಾರ್ಡ್ ಹೋದರೆ ಮ್ಯಾಪೂ ಹೋಯಿತು.

ಇನ್ನು ಡಿವಿಡಿ. ಡಬ್ಬಿಯ ಒಳಗೆ ಚೀಟಿ, ಚೀಟಿಯ ಮೇಲೆ ಪೆನ್ನಿನಲ್ಲಿ ಬರೆದ 25 ಅಕ್ಷರದ ಅನ್‌ಲಾಕ್ ಕೋಡ್. ಹಳೆಯ ಕಾಲದ ಪದ್ಧತಿ ಇದು. ಡಿವಿಡಿಯಲ್ಲಿ ಇಡೀ ಮ್ಯಾಪ್ ಇರುತ್ತಿತ್ತು, ಕಂಪ್ಯೂಟರ್‌ಗೆ ಹಾಕಿಕೊಂಡು, ಯೂನಿಟ್ ಐಡಿ ಕೊಟ್ಟು ಕೋಡ್ ಪಡೆದು, ಮ್ಯಾಪ್‌ಸೋರ್ಸ್ ಅನ್ನುವ ಪ್ರೋಗ್ರಾಂ ಮೂಲಕ ಬೇಕಾದ ತುಣುಕು ಆರಿಸಿ ಸಾಧನಕ್ಕೆ ಕಳಿಸಬೇಕಿತ್ತು. ಚೀಟಿಯಲ್ಲಿ ಕೋಡ್ ಪಕ್ಕ ಒಂದು ಯೂನಿಟ್ ಐಡಿಯೂ ಇತ್ತು. ನನ್ನ ಸಾಧನದ್ದಲ್ಲ. ಈ ಈಟ್ರೆಕ್ಸ್‌ಗೂ ಹಿಂದೆ ಅವನ ಬಳಿ ಇದ್ದ, ಯಾವಾಗಲೋ ಮಾರಿದ ಸಾಧನದ್ದು.

ಕೋಡ್ ಅಂದರೆ ಪಾಸ್‌ವರ್ಡ್ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಸಾಧನದ ಯೂನಿಟ್ ಐಡಿ, ಯಾವ ಮ್ಯಾಪ್ ಅಂತ ಹೇಳುವ ಸಂಖ್ಯೆಯಾದ ಫ್ಯಾಮಿಲಿ ಐಡಿ, ಇವೆರಡನ್ನೂ ಕಲಸಿ ಮಾಡಿದ ಸಾಲು ಅದು. ಸಾಧನ ತನ್ನ ಐಡಿ ಜೊತೆ ಅದನ್ನು ತಾಳೆ ನೋಡುತ್ತದೆ. ಇನ್ನೊಬ್ಬರ ಅಳತೆಗೆ ಹೊಲಿದ ಅಂಗಿ ಇದ್ದ ಹಾಗೆ, ಎಳೆದು ಹಾಕಿಕೊಂಡರೂ ಬಟನ್ ಕೂರುವುದಿಲ್ಲ.

ಬೀಗ ತೆಗೆಯುವುದು ಹೇಗೆ ಅಂತ ಹುಡುಕಿದರೆ ಮೊದಲು ಸಿಗುವುದು ಕೋಡ್ ಹುಟ್ಟಿಸಿ ಕೊಡುವ ಕಳ್ಳ ಪ್ರೋಗ್ರಾಂಗಳು. ಅವನ್ನು ಮುಟ್ಟಲಿಲ್ಲ. ಒಂದು, ಯಾರೋ ಕಾಡು ಸುತ್ತಿ ಮಾಡಿದ ಮ್ಯಾಪ್ ಅದು, ಪುಕ್ಕಟೆ ಎತ್ತಿಕೊಳ್ಳಲು ಮನಸ್ಸು ಬರಲಿಲ್ಲ. ಎರಡು, ಊರು ಹೆಸರು ಗೊತ್ತಿಲ್ಲದ ಪ್ರೋಗ್ರಾಂ ಒಂದನ್ನು ಬ್ಯಾಂಕ್ ಕೆಲಸ ಮಾಡುವ ಕಂಪ್ಯೂಟರ್‌ನಲ್ಲಿ ಓಡಿಸುವಷ್ಟು ಧೈರ್ಯ ನನಗಿಲ್ಲ.

ಎರಡನೇ ವಾರ: ಕೊಂಡೆ, ಎಡವಿದೆ

ಚಾರಣದ ಮ್ಯಾಪ್ ಮಾಡುವ ಒಬ್ಬ ಚಿಕ್ಕ ತಯಾರಕರಿಂದ ಕೊಂಡೆ. ಕಾರ್ಡ್ ಬೇಕೋ ಡೌನ್‌ಲೋಡ್ ಬೇಕೋ ಅಂತ ಕೇಳಿದರು. ಕಾರ್ಡ್ ತೆಗೆದುಕೊಂಡರೆ ಸಾಧನ ಕೆಟ್ಟರೂ ಮ್ಯಾಪ್ ಉಳಿಯುತ್ತದೆ. ಡೌನ್‌ಲೋಡ್ ಆದರೆ ಕಾರ್ಡ್ ಕಳೆದರೂ ಮ್ಯಾಪ್ ಉಳಿಯುತ್ತದೆ, ಆದರೆ ಸಾಧನ ಸತ್ತರೆ ಇಲ್ಲ. ಗೆಳೆಯನ ಕಳೆದ ಕಾರ್ಡ್ ಕಣ್ಣ ಮುಂದೆ ಇತ್ತಲ್ಲ, ಡೌನ್‌ಲೋಡ್ ಅಂದೆ. ಈಗ ಯೋಚಿಸಿದರೆ ಹತ್ತು ವರ್ಷ ಹಳೆಯ ಸಾಧನಕ್ಕೆ ಅದು ಬುದ್ಧಿವಂತ ಆಯ್ಕೆ ಆಗಿರಲಿಲ್ಲ. ಇರಲಿ.

ಯೂನಿಟ್ ಐಡಿ ಕೇಳಿದರು, ಟೈಪ್ ಮಾಡಿ ಕಳಿಸಿದೆ. ಮ್ಯಾಪ್ ಫೈಲ್ ಬಂತು, 25 ಅಕ್ಷರದ ಕೋಡ್ ಬಂತು. ಜೊತೆಗೆ ಸೂಚನೆ: ಮ್ಯಾಪ್ ಫೈಲ್‌ಗೆ ಏನು ಹೆಸರೋ ಅದೇ ಹೆಸರಿನ, ಡಾಟ್ ಯುಎನ್‌ಎಲ್ ಬಾಲದ ಒಂದು ಫೈಲ್ ಮಾಡಿ, ಅದರೊಳಗೆ ಬರೀ ಕೋಡ್ ಇಟ್ಟು, ಎರಡನ್ನೂ ಒಂದೇ ಫೋಲ್ಡರ್‌ಗೆ ಹಾಕಿ. ಎರಡು ನಿಮಿಷದ ಕೆಲಸ.

ಹಾಕಿದೆ. ಬೀಗ ತೆಗೆಯಲಾಗಲಿಲ್ಲ.

ಕೋಡ್ ಮತ್ತೆ ಅಂಟಿಸಿದೆ. ಕಾರ್ಡ್ ತೆಗೆದು ಹಾಕಿದೆ. ಅದೇ ಸಾಲು. ರಾತ್ರಿ ಹನ್ನೊಂದಕ್ಕೆ ಹೊಳೆಯಿತು. ವಿಂಡೋಸ್‌ನಲ್ಲಿ ಫೈಲ್ ಹೆಸರಿನ ಬಾಲ ಕಾಣದ ಹಾಗೆ ಇರುತ್ತದೆ, ಅದು ಅಲ್ಲಿ ಮೊದಲಿಂದ ಇರುವ ಸೆಟ್ಟಿಂಗ್. ನೋಟ್‌ಪ್ಯಾಡ್ ನಾನು ಕೊಟ್ಟ ಹೆಸರಿನ ಹಿಂದೆ ತಾನೇ ಡಾಟ್ ಟಿಎಕ್ಸ್‌ಟಿ ಸೇರಿಸಿತ್ತು. ಅಂದರೆ ಯುಎನ್‌ಎಲ್ ಫೈಲ್ ಅಂತ ನಾನು ನಂಬಿದ್ದು ಮಾಮೂಲಿ ಟೆಕ್ಸ್ಟ್ ಫೈಲ್. ಬಾಲ ಕಾಣುವ ಹಾಗೆ ಮಾಡಿ, ಹೆಸರು ಸರಿ ಮಾಡಿದೆ. ಗೆದ್ದೆ ಅಂತ ಸಾಧನ ಆನ್ ಮಾಡಿದೆ.

ಬೀಗ ತೆಗೆಯಲಾಗಲಿಲ್ಲ.

ಬೆಳಿಗ್ಗೆ ಎದ್ದು ನಾನು ಕಳಿಸಿದ ಯೂನಿಟ್ ಐಡಿಯನ್ನು ಪರದೆಯ ಮೇಲಿನದರ ಜೊತೆ ಒಂದೊಂದೇ ಅಂಕಿ ಬೆರಳಿಟ್ಟು ಓದಿದೆ. ಏಳನೆಯದು ಎಂಟನೆಯದು ಅದಲು ಬದಲು. ಪರದೆ ನೋಡಿ ಕೈಯಲ್ಲಿ ಟೈಪ್ ಮಾಡಿದ ಫಲ. ಎಕ್ಸ್‌ಎಂಎಲ್ ಫೈಲ್‌ನಿಂದ ನಕಲು ಮಾಡಿ ಅಂಟಿಸಿದ್ದರೆ ಇದು ಆಗುತ್ತಲೇ ಇರಲಿಲ್ಲ. ತಯಾರಕರಿಗೆ ನಾಚಿಕೊಂಡೇ ಬರೆದೆ. ಪುಣ್ಯಕ್ಕೆ ಸರಿಯಾದ ಐಡಿಗೆ ಹೊಸ ಕೋಡ್ ಕಳಿಸಿದರು. ಅವರು ಕೊಡಲೇಬೇಕು ಅಂತೇನೂ ಇರಲಿಲ್ಲ. ಬೀಗ ಒಮ್ಮೆ ಒಂದು ಐಡಿಗೆ ಕಟ್ಟಿದರೆ ಮಾರಾಟ ಮುಗಿದ ಹಾಗೆ ಅಂತ ನೋಡುವವರೂ ಇದ್ದಾರೆ. ಕೊಳ್ಳುವ ಮುಂಚೆಯೇ ಕೇಳಿ: ಸಾಧನ ಕೆಟ್ಟರೆ, ಬದಲಾಯಿಸಿದರೆ ಹೊಸ ಕೋಡ್ ಕೊಡುತ್ತೀರಾ, ಎಷ್ಟು ಸಲ?

ಈ ಸಲ ಆನ್ ಮಾಡಿದಾಗ ಪರದೆ ತುಂಬ ಎತ್ತರದ ಗೆರೆ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ), ಹಳ್ಳ, ಕಾಲುದಾರಿ. ಮನೆಯಲ್ಲಿ ಎಲ್ಲರಿಗೂ ಎಬ್ಬಿಸಿ ತೋರಿಸುವಷ್ಟು ಖುಷಿ. ಯಾರೂ ಎದ್ದು ಬರಲಿಲ್ಲ.

ಖುಷಿ ಮೂರು ದಿನ ಇತ್ತು. ನಾಲ್ಕನೇ ದಿನ ಮ್ಯಾಪ್‌ನ ಒಂದು ಮೂಲೆಗೆ ಸರಿಸಿದ ಕೂಡಲೇ ಸಾಧನ ತಾನೇ ಆಫ್ ಆಯಿತು. ಮತ್ತೆ ಅಲ್ಲಿಗೆ ಹೋದರೆ ಮತ್ತೆ ಆಫ್. ತಯಾರಕರ ಫೈಲ್ ಕೆಟ್ಟಿರಬೇಕು ಅಂತ ಬಯ್ದುಕೊಂಡೆ, ತಪ್ಪು ಅವರದಲ್ಲ. ಕಾರ್ಡ್ ಅನ್ನು ಎಚ್2ಟೆಸ್ಟ್‌ಡಬ್ಲ್ಯೂ ಪ್ರೋಗ್ರಾಂಗೆ ಕೊಟ್ಟೆ. ಅದು ಕಾರ್ಡ್ ತುಂಬ ಬರೆದು, ವಾಪಸ್ ಓದಿ ತಾಳೆ ನೋಡುತ್ತದೆ. ಲಿನಕ್ಸ್‌ನವರಿಗೆ ಎಫ್3 ಇದೆ. ಮೇಲೆ 32 ಜಿಬಿ ಅಂತ ಅಚ್ಚಾಗಿದ್ದ ಕಾರ್ಡ್‌ನಲ್ಲಿ ನಿಜವಾಗಿ ಇದ್ದ ಜಾಗ ಅದರ ಕಾಲು ಭಾಗವೂ ಅಲ್ಲ. ಆ ಗಡಿ ದಾಟಿ ಬರೆದದ್ದೆಲ್ಲ ಗಾಳಿಗೆ ಬರೆದ ಹಾಗೆ. ನಾನು ಅದರಲ್ಲಿ ಮೊದಲೇ ಹಾಡು, ಫೋಟೊ ಎಲ್ಲ ತುಂಬಿಟ್ಟಿದ್ದೆ, ಹಾಗಾಗಿ ಮ್ಯಾಪ್‌ನ ಬಾಲ ಗಡಿಯ ಆಚೆ ಬಿದ್ದಿತ್ತು.

8 ಜಿಬಿಯ ನಂಬಿಕಸ್ಥ ಕಾರ್ಡ್ ತಂದು ಫ್ಯಾಟ್32ಗೆ (ಕಾರ್ಡ್‌ನಲ್ಲಿ ಫೈಲ್ ಜೋಡಿಸಿಡುವ ಒಂದು ಪದ್ಧತಿ) ಫಾರ್ಮ್ಯಾಟ್ ಮಾಡಿ ಹಾಕಿದೆ. ಬೀಗ ಸಾಧನಕ್ಕೆ ಇದ್ದದ್ದರಿಂದ ಕಾರ್ಡ್ ಬದಲಾದರೂ ಅದೇ ಕೋಡ್ ನಡೆಯಿತು. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ಇಡೀ ಖಂಡದ ಮ್ಯಾಪ್ ಒಂದೇ ಫೈಲ್‌ನಲ್ಲಿ ಬೇಕು ಅನ್ನುವವರು ಇದನ್ನು ನೋಡಿಕೊಳ್ಳಿ. ಇನ್ನೊಂದು, ಸಾಧನದ ಒಳಗೇ 1.7 ಜಿಬಿ ಜಾಗ ಇದೆಯಲ್ಲ ಅಂತ ಮ್ಯಾಪ್ ಅಲ್ಲಿ ಹಾಕಬೇಡಿ. ಫೈಲ್ ಕೆಟ್ಟರೆ ಸಾಧನ ಶುರುವಾಗುವಾಗಲೇ ಸಿಕ್ಕಿಹಾಕಿಕೊಳ್ಳಬಹುದು. ಕಾರ್ಡ್ ಆದರೆ ಕಿತ್ತರೆ ಸಾಕು. ನಕಲು ಮಾಡುವಾಗಲೂ ಕಾರ್ಡ್ ರೀಡರ್ ಬಳಸಿ, ಸಾಧನದ ಕೇಬಲ್ ಮೂಲಕ ಕಳಿಸಿದರೆ ಊಟ ಮುಗಿಸಿ ಬಂದರೂ ಮುಗಿದಿರುವುದಿಲ್ಲ.

ಮೂರನೇ ವಾರ: ಬೀಗವಿಲ್ಲದ ಮ್ಯಾಪ್

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸಾಧನ ಸತ್ತರೆ ಏನು ಅನ್ನುವ ಹುಳ ತಲೆಯಲ್ಲಿ ಕೊರೆಯುತ್ತಿತ್ತು. ಹಾಗಾಗಿ ಓಪನ್‌ಸ್ಟ್ರೀಟ್‌ಮ್ಯಾಪ್ ಕಡೆ ತಿರುಗಿದೆ. 2004ರಲ್ಲಿ ಶುರುವಾದ ಯೋಜನೆ, ಜನರೇ ಬರೆದ ಮ್ಯಾಪ್. 2012ರಿಂದ ಒಡಿಬಿಎಲ್ ಅನ್ನುವ ಪರವಾನಗಿಯಲ್ಲಿದೆ. ಎಲ್ಲಿಂದ ಬಂತು ಅಂತ ಹೆಸರು ಹೇಳಿದರೆ ಯಾರು ಬೇಕಾದರೂ ಬಳಸಬಹುದು. ಇದನ್ನು ಗಾರ್ಮಿನ್ ಓದುವ ರೂಪಕ್ಕೆ ತರುವುದು ಎಂಕೆಜಿಮ್ಯಾಪ್ ಅನ್ನುವ ಜಾವಾ ಪ್ರೋಗ್ರಾಂ. ಜೊತೆಗೆ ಸ್ಪ್ಲಿಟರ್ ಅಂತ ಇನ್ನೊಂದು ಬೇಕು.

ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿಯನ್ನು ಪ್ರದೇಶವಾರು ಕೊಡುವ ಜಿಯೋಫ್ಯಾಬ್ರಿಕ್ ತಾಣದಿಂದ ಬೇಕಾದ ಪ್ರದೇಶದ ಫೈಲ್ (ಪಿಬಿಎಫ್ ರೂಪದ್ದು) ಇಳಿಸಿಕೊಂಡೆ. ಮೊದಲು ಸ್ಪ್ಲಿಟರ್ ಅದನ್ನು ಚೂರು ಚೂರು ಮಾಡುತ್ತದೆ, ಗಾರ್ಮಿನ್ ಮ್ಯಾಪ್ ಅಂದರೆ ಅಂಥ ಚೂರುಗಳ ಗುಂಪು. ಆಮೇಲೆ ಎಂಕೆಜಿಮ್ಯಾಪ್ ಎಲ್ಲ ಸೇರಿಸಿ ಒಂದು ಐಎಂಜಿ ಮಾಡುತ್ತದೆ. ರೂಟ್ ಅನ್ನುವ ಆಯ್ಕೆ ಕೊಟ್ಟರೆ ದಾರಿ ತೋರಿಸುತ್ತದೆ, ಇಂಡೆಕ್ಸ್ ಕೊಟ್ಟರೆ ಹೆಸರು ಹುಡುಕಬಹುದು, ಜಿಮ್ಯಾಪ್‌ಸಪ್ ಕೊಟ್ಟರೆ ನೇರ ಕಾರ್ಡ್‌ಗೆ ಹಾಕುವ ಫೈಲ್ ಸಿಗುತ್ತದೆ.

ಮೊದಲ ಸಲ ಮೆಮೊರಿ ಸಾಲದೆ ಸ್ಪ್ಲಿಟರ್ ಮಧ್ಯದಲ್ಲೇ ನಿಂತಿತು. ನಾವು ಏನೂ ಹೇಳದಿದ್ದರೆ ಜಾವಾ ಸಾಮಾನ್ಯವಾಗಿ ಕಂಪ್ಯೂಟರ್ ಮೆಮೊರಿಯ ಕಾಲು ಭಾಗ ಮಾತ್ರ ಬಳಸುತ್ತದೆ. ಎಕ್ಸ್‌ಎಂಎಕ್ಸ್ ಆಯ್ಕೆಯಲ್ಲಿ 4 ಜಿಬಿ ಅಂತ ಕೊಟ್ಟೆ, ಓಡಿತು.

ಎರಡನೇ ಸಲ ಮ್ಯಾಪ್ ಬಂತು, ಹೆಸರುಗಳು ಬರಲಿಲ್ಲ. ಎಲ್ಲ ಲಿಪಿಯೂ ಇರಲಿ ಅಂತ ಯೂನಿಕೋಡ್ ಆರಿಸಿದ್ದೆ. ಆ ಲಿಪಿಯ ಅಕ್ಷರಗಳೇ ಸಾಧನದಲ್ಲಿ ಇಲ್ಲದ ಮೇಲೆ ಅದು ಏನು ತೋರಿಸೀತು? ಇಂಗ್ಲಿಷ್‌ನಂಥ ಲ್ಯಾಟಿನ್ ಅಕ್ಷರಗಳ ಪಟ್ಟಿಯಾದ ಕೋಡ್ ಪೇಜ್ 1252 ಅಂತ ಬದಲಾಯಿಸಿ, ನೇಮ್ ಟ್ಯಾಗ್ ಲಿಸ್ಟ್ ಆಯ್ಕೆಯಲ್ಲಿ ಇಂಗ್ಲಿಷ್ ಹೆಸರು ಇದ್ದರೆ ಮೊದಲು ಅದನ್ನು ತಗೋ ಅಂದೆ. ಹೆಸರು ಬಂದವು. ನಮ್ಮ ಲಿಪಿಯಲ್ಲಿ ಓದುವ ಆಸೆ ಬಿಟ್ಟೆ.

ಮೂರನೇ ಕೆಲಸ ಎತ್ತರದ ಗೆರೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಅದು ಇಲ್ಲ. ಅದಕ್ಕೆ ಬೇಕಾದ ಅಳತೆ ಬಂದಿರುವುದು ಆಕಾಶದಿಂದ: 2000ದ ಫೆಬ್ರುವರಿಯಲ್ಲಿ ಎಂಡೆವರ್ ಶಟಲ್ 11 ದಿನದ ಯಾನದಲ್ಲಿ ರೇಡಾರ್‌ನಿಂದ ಭೂಮಿಯ ಬಹುಪಾಲು ನೆಲದ ಏರಿಳಿತ ಅಳೆಯಿತು. ಎಸ್‌ಆರ್‌ಟಿಎಂ ಅನ್ನುವುದು ಅದನ್ನೇ. ಸುಮಾರು 30 ಮೀಟರ್‌ಗೆ ಒಂದು ಅಳತೆ. ಕಡಿದಾದ ಕಣಿವೆಯಲ್ಲಿ ಗೆರೆ ಸ್ವಲ್ಪ ಸುಳ್ಳು ಹೇಳುತ್ತದೆ, ಅಂಚಿನಲ್ಲಿ ನಡೆಯುವಾಗ ಕಣ್ಣನ್ನೇ ನಂಬಬೇಕು.

ಗೆರೆಗಳನ್ನು ಬೇರೆ ಮ್ಯಾಪ್ ಆಗಿ ಮಾಡಿ, ಪಾರದರ್ಶಕ ಅನ್ನುವ ಆಯ್ಕೆ ಕೊಟ್ಟು, ಯಾವ ಮ್ಯಾಪ್ ಮೇಲೆ ಕಾಣಬೇಕು ಅಂತ ಹೇಳುವ ಡ್ರಾ ಪ್ರಯಾರಿಟಿ ಜಾಸ್ತಿ ಇಟ್ಟೆ. ಆಗ ಅದು ದಾರಿಯ ಮ್ಯಾಪ್ ಮೇಲೆ ಗಾಜಿನ ಹಾಳೆ ಹಾಗೆ ಕೂರುತ್ತದೆ. ಕೂರಲಿಲ್ಲ. ಒಂದು ಆನ್ ಮಾಡಿದರೆ ಇನ್ನೊಂದೂ ಆನ್, ಆಫ್ ಮಾಡಿದರೆ ಎರಡೂ ಆಫ್. ನಾನು ಏನೂ ಹೇಳದ್ದರಿಂದ ಎಂಕೆಜಿಮ್ಯಾಪ್ ಎರಡಕ್ಕೂ ತನ್ನ ಮಾಮೂಲಿ ಫ್ಯಾಮಿಲಿ ಐಡಿ 6324 ಅನ್ನೇ ಕೊಟ್ಟಿತ್ತು. ಸಾಧನದ ಕಣ್ಣಿಗೆ ಎರಡೂ ಒಂದೇ. ಗೆರೆಯ ಮ್ಯಾಪ್‌ಗೆ ಬೇರೆ ಐಡಿ ಕೊಟ್ಟೆ, ಚೂರುಗಳ ಸಂಖ್ಯೆಯನ್ನೂ ಬೇರೆ ಕಡೆಯಿಂದ ಶುರು ಮಾಡಿದೆ. ಸರಿಹೋಯಿತು.

ಈಟ್ರೆಕ್ಸ್ 20ಕ್ಕೆ ಗಾರ್ಮಿನ್ ಫೋಲ್ಡರ್‌ನಲ್ಲಿರುವ ಐಎಂಜಿ ಫೈಲ್‌ನ ಹೆಸರು ಏನಿದ್ದರೂ ನಡೆಯುತ್ತದೆ. 60ಸಿಎಸ್‌ಎಕ್ಸ್‌ನಂಥ ಇನ್ನೂ ಹಳೆಯವಕ್ಕೆ ಜಿಮ್ಯಾಪ್‌ಸಪ್ ಅನ್ನುವ ಒಂದೇ ಹೆಸರು ಗೊತ್ತು. ಹಾಗಾಗಿ ನನ್ನ ಕಾರ್ಡ್‌ನಲ್ಲಿ ಈಗ ಮೂರು ಫೈಲ್, ಮೂರು ಹೆಸರು. ಕೊಂಡ ಮ್ಯಾಪ್‌ನ ಹೆಸರು ಬದಲಾಯಿಸಿದಾಗ ಯುಎನ್‌ಎಲ್ ಫೈಲ್‌ನ ಹೆಸರನ್ನೂ ಬದಲಾಯಿಸಲು ಮರೆತು ಇನ್ನೊಮ್ಮೆ ಆ ಬೀಗದ ಸಾಲು ನೋಡಿದೆ. ಈ ಸಲ ಗಾಬರಿ ಆಗಲಿಲ್ಲ.

ಕಾಲಲ್ಲಿ ನೋಡಿದ್ದು

ಕೊಂಡ ಮ್ಯಾಪ್, ನಾನು ಮಾಡಿದ ಮ್ಯಾಪ್ ಎರಡನ್ನೂ ಇಟ್ಟುಕೊಂಡು ಒಂದು ದಿನ ಪೂರ್ತಿ ನಡೆದೆ. ಎರಡೂ ಒಟ್ಟಿಗೆ ಆನ್ ಇಟ್ಟರೆ ಒಂದರ ಮೇಲೊಂದು ಬಿದ್ದು ಏನೂ ತಿಳಿಯುವುದಿಲ್ಲ. ಮ್ಯಾಪ್ ಸೆಟ್ಟಿಂಗ್‌ಗೆ ಹೋಗಿ ಒಂದನ್ನು ಆಫ್ ಮಾಡಬೇಕು. ಕೊಂಡ ಮ್ಯಾಪ್ ನೋಡಲು ಚೆಂದ. ನೀರಿನ ಜಾಗ, ಬಂಡೆ, ಪೊದೆಗಾಡು ಎಲ್ಲಕ್ಕೂ ಬೇರೆ ಬೇರೆ ಗುರುತು, ಚಿಕ್ಕ ಪರದೆಯಲ್ಲೂ ಕಣ್ಣಿಗೆ ಹಿತ. ನಾನು ಮಾಡಿದ್ದು ಒರಟು. ಆದರೆ ಒಂದು ಕಡೆ ಕೊಂಡ ಮ್ಯಾಪ್ ಹಳ್ಳದ ಎಡಗಡೆ ದಾರಿ ತೋರಿಸಿತು, ಅಲ್ಲಿ ಬರೀ ಮುಳ್ಳು. ನಿಜವಾದ ದಾರಿ ಬಲಗಡೆ. ನನ್ನ ಒರಟು ಮ್ಯಾಪ್‌ನಲ್ಲಿ ಅದು ಸರಿ ಇತ್ತು, ಯಾರೋ ಇತ್ತೀಚೆಗೆ ನಡೆದು ತಿದ್ದಿರಬೇಕು. ಇನ್ನೊಂದು ಕಡೆ ಉಲ್ಟಾ. ಗುಡ್ಡದ ಹಿಂದಿನ ಇಡೀ ಕಾಲುದಾರಿ ನನ್ನದರಲ್ಲಿ ಇರಲೇ ಇಲ್ಲ, ಕೊಂಡದ್ದರಲ್ಲಿ ಇತ್ತು. ನಾನು ನಡೆದ ಜಾಡನ್ನು ಮನೆಗೆ ಬಂದು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸಿದೆ. ಸೇರಿಸಿದ್ದು ಬರೀ ನನ್ನ ಜಾಡು. ಕೊಂಡ ಮ್ಯಾಪ್ ನೋಡಿ ಅಲ್ಲಿ ಗೆರೆ ಎಳೆಯಬಾರದು, ಅದು ಇನ್ನೊಬ್ಬರ ಸ್ವತ್ತು.

ಈಗ ಸೆಲ್ ಮುಚ್ಚಳದ ಒಳಗೆ ಯೂನಿಟ್ ಐಡಿ ಬರೆದ ಚೀಟಿ ಅಂಟಿಸಿದ್ದೇನೆ, ಅಂಕಿಗಳನ್ನು ಎರಡು ಸಲ ತಾಳೆ ನೋಡಿದ ಮೇಲೆ. ಕೋಡ್ ಮತ್ತು ಮ್ಯಾಪ್ ಫೈಲ್ ಎರಡು ಕಡೆ ಇಟ್ಟಿದ್ದೇನೆ. ಮಿನಿ ಯುಎಸ್‌ಬಿ ಕಿಂಡಿ ಸ್ವಲ್ಪ ಅಲ್ಲಾಡುತ್ತಿದೆ, ಬೋರ್ಡ್ ಬಿಚ್ಚಿ ಬೆಸುಗೆ ಹಾಕಬೇಕು. ಬೋರ್ಡ್ ಸುಟ್ಟರೆ ಐಡಿ ಹೋಗುತ್ತದೆ, ಜೊತೆಗೆ ಕೊಂಡ ಮ್ಯಾಪೂ. ಸದ್ಯಕ್ಕೆ ಕೇಬಲ್ ಚುಚ್ಚುವುದನ್ನೇ ಬಿಟ್ಟು ಕಾರ್ಡ್ ರೀಡರ್‌ನಲ್ಲಿ ಕಾಲ ಹಾಕುತ್ತಿದ್ದೇನೆ.